ಲ್ಯಾಪ್‌ಟಾಪಿಗೆ ಮಂಗಳಾರತಿ

ಈ ವಾರ ಈ ಜಾಗದಲ್ಲಿ ಅಂಕಣದ ಬದಲು ನನ್ನ ಫೋಟೊ, ಅದರ ಸುತ್ತ ಕಪ್ಪು ಚೌಕಟ್ಟು ಇರಬೇಕಿತ್ತು. ಸ್ವಲ್ಪದರಲ್ಲಿ ತಪ್ಪಿತು.

ನಗಬೇಡಿ. ಯಾರಾದರೂ ಬೆಂಕಿಪೊಟ್ಟಣ ಅಲ್ಲಾಡಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಮನೆಯಲ್ಲಿ ದೀಪ ಹಚ್ಚುವ ಕೆಲಸವನ್ನು ಯಜಮಾನರಿಗೆ ಒಪ್ಪಿಸಿದ್ದೇನೆ. (ಅವರು ಹಚ್ಚುವಾಗ ನಾನು ಗೇಟಿನ ಹೊರಗೆ ನಿಂತಿರುತ್ತೇನೆ.)

ನಡೆದದ್ದು ಬೋಗಾದಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಸಿಂಚನಾಗೆ ಹೊರದೇಶದಲ್ಲಿ ಓದುವ ಆಸೆ. ಪಿಯುಸಿ ಅಂಕಗಳಿಗೆ ನೇರವಾಗಿ ಡಿಗ್ರಿ ಸೀಟು ಸಿಗಲಿಲ್ಲ. ಅಂಥವರಿಗಾಗಿಯೇ ಪಾಥ್‌ವೇ ಪ್ರೋಗ್ರಾಂ ಎಂಬುದೊಂದಿದೆ. ಒಂದು ವರ್ಷ ಅಲ್ಲೇ ಕೂರಿಸಿಕೊಂಡು ಪ್ರಬಂಧ ಬರೆಯುವುದು, ಲೈಬ್ರರಿ ಬಳಸುವುದು, ಕ್ಲಾಸಿನಲ್ಲಿ ಮೇಷ್ಟ್ರನ್ನೇ ಪ್ರಶ್ನಿಸುವುದು, ಎಲ್ಲ ಕಲಿಸುತ್ತಾರೆ. ಪಾಸಾದರೆ ಡಿಗ್ರಿಗೆ ದಾರಿ. ಯೂನಿವರ್ಸಿಟಿಯ ಎಲ್‌ಕೆಜಿ ಅನ್ನಿ.

ಆ ಎಲ್‌ಕೆಜಿಗೂ ಇಂಟರ್‌ವ್ಯೂ ಇದೆ! ಆನ್‌ಲೈನಿನಲ್ಲಿ. ಮೊದಲ ಸಲ ನಮ್ಮ ಹುಡುಗಿ ಎಲ್ಲದಕ್ಕೂ "ಯೆಸ್ ಮ್ಯಾಮ್" ಅಂದಳು. "ಈ ಕೋರ್ಸ್ ನಿನಗೆ ಒಗ್ಗುವುದಿಲ್ಲ ಅಂತ ನಾನು ಹೇಳಿದರೆ?" ಎಂದು ಆ ಮೇಡಂ ಕೇಳಿದ್ದಕ್ಕೂ "ಯೆಸ್ ಮ್ಯಾಮ್". ನಿನ್ನದೇ ಅಭಿಪ್ರಾಯ ಹೇಳುವುದನ್ನು ಕಲಿತು ಬಾ, ಇನ್ನೊಂದೇ ಅವಕಾಶ ಎಂದರಂತೆ.

ಅವಳಾದರೂ ಏನು ಮಾಡಿಯಾಳು? ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡ ಎಂದು ಹುಟ್ಟಿದಾಗಿನಿಂದ ಕಲಿಸಿದವರು ನಾವೇ ತಾನೆ?

ಎರಡನೇ ಇಂಟರ್‌ವ್ಯೂ ದಿನ ಧೈರ್ಯ ತುಂಬಲು ನಾನು ಹೋದೆ. (ನೆಗಡಿ ಹಿಡಿದು ಮೂಗು ಪೂರ್ತಿ ಬಂದ್ ಆಗಿತ್ತು. ಇದು ಮುಖ್ಯ.) ಪಕ್ಕದ ಸೈಟಿನಲ್ಲಿ ಕಲ್ಲು ಕೊಯ್ಯುವ ಮೆಷಿನ್ನಿನ ಅಬ್ಬರ ಎಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಸದ್ದಾಗುತ್ತದೆ ಎಂದು ಫ್ಯಾನೂ ಆಫ್. ಅಕ್ಕ ಸಣ್ಣ ಉರಿಯಲ್ಲಿ ಹಾಲಿಟ್ಟು, ಮಗಳ ಹೆಸರಲ್ಲಿ ಅರ್ಚನೆ ಮಾಡಿಸಲು ದೇವಸ್ಥಾನಕ್ಕೆ ಓಡಿದ್ದಳು. ಸಿಂಚನಾ ಅಡುಗೆಮನೆ ಬಾಗಿಲ ಪಕ್ಕದ ಡೈನಿಂಗ್ ಟೇಬಲ್ಲಿನ ಮುಂದೆ ಕೂತಿದ್ದಳು.

ಹಾಲ್‌ನಲ್ಲಿ ಅವಳ ದೊಡ್ಡಪ್ಪ ನಂಜುಂಡಪ್ಪನವರು. ಕಡಕೊಳದ ಒಂದು ಫ್ಯಾಕ್ಟರಿಯಲ್ಲಿ ಇಂಟರ್‌ವ್ಯೂ ಮಾಡಿ ಮಾಡಿ ನಿವೃತ್ತರಾದವರು. ಆಗಲೇ ಲ್ಯಾಪ್‌ಟಾಪಿಗೆ ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಇಟ್ಟು, ಹೂ ಮುಡಿಸಿದ್ದರು. ತಟ್ಟೆಯಲ್ಲಿ ಕರ್ಪೂರ ಸಿದ್ಧ; ಅವರ ಮೂಗಿನ ತುಂಬ ಅದರದೇ ಘಮ. ಕೈಯಲ್ಲಿ ಬೆಂಕಿಪೊಟ್ಟಣ. ಆರತಿಗೆ ಮುಂಚೆ ಒಂದು ಟ್ರಯಲ್ ಇಂಟರ್‌ವ್ಯೂ.

"ನೋಡು ಮಗಾ, ಧೈರ್ಯವಾಗಿ ಮಾತಾಡ್ಬೇಕು. ಅನ್ನಿಸಿದ್ದನ್ನ ತಟ್ ಅಂತ ಹೇಳ್ಬುಡ್ಬೇಕು."

"ದೊಡ್ಡಪ್ಪ, ಒಂದ್ನಿಮಿಷ..."

"ಮೊದ್ಲು ನಾನು ಹೇಳೋದು ಕೇಳಮ್ಮ."

ಕಡ್ಡಿ ಹೊರಗೆ ತೆಗೆದರು. ಆಗ ಅವರಿಗೆ ಹಳೆಯದೊಂದು ಇಂಟರ್‌ವ್ಯೂ ನೆನಪಾಯಿತು. ಕಡ್ಡಿ ಹಿಡಿದುಕೊಂಡೇ ಕಥೆ ಶುರು. (ಆ ಕಥೆ ಎಷ್ಟುದ್ದವೋ ಅಷ್ಟು ನಮ್ಮ ಆಯಸ್ಸು. ಆಗ ಬೋರ್ ಹೊಡೆಯಿತು. ಈಗ ಋಣಿಯಾಗಿದ್ದೇನೆ.)

ಸಿಂಚನಾ ಕೈಯೆತ್ತಿದಳು. ಬಾತ್‌ರೂಮಿಗೆ ಇರಬೇಕು ಎಂದುಕೊಂಡೆ. ಅರ್ಧ ಎದ್ದಳು.

"ಕೂತ್ಕೊಳಮ್ಮ. ಇಂಟರ್‌ವ್ಯೂ ಮಧ್ಯೆ ಎದ್ದು ಹೋಗ್ತಾರಾ ಯಾರಾದ್ರೂ?"

ಕೂತಳು! ಮೂಗು ಮುಚ್ಚಿಕೊಂಡು ಕೂತಳು. ರಾತ್ರಿ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಇದೇ ದೃಶ್ಯ. ಕಥೆ ಮುಗಿಯಿತು. ದೊಡ್ಡಪ್ಪ ಕಡ್ಡಿಯನ್ನು ಪೊಟ್ಟಣದ ಬದಿಗೆ ಒತ್ತಿದರು.

"ಬಾಯ್ ಮುಚ್ಚಿ ದೊಡ್ಡಪ್ಪ! ಗ್ಯಾಸ್ ಲೀಕಾಗ್ತಿದೆ!"

ಅಂದವಳೇ ಹಾರಿ ಪೊಟ್ಟಣ ಕಿತ್ತುಕೊಂಡಳು. ಹಾಲು ಉಕ್ಕಿ ಒಲೆ ಆರಿಹೋಗಿ, ಗ್ಯಾಸ್ ಒಂದೇ ಸಮನೆ ಹೊರಬರುತ್ತಿತ್ತು. ಒಳಗೋಡಿ ರೆಗ್ಯುಲೇಟರ್ ಆಫ್ ಮಾಡಿದಳು, ಕಿಟಕಿಗಳನ್ನು ತೆರೆದಳು. "ಸ್ವಿಚ್ ಮುಟ್ಟಬೇಡಿ, ನಡೀರಿ ಆಚೆ" ಎಂದು ನಮ್ಮಿಬ್ಬರನ್ನೂ ಬೀದಿಗೆ ಅಟ್ಟಿದಳು. ನಾನು ಬೀದಿಯಲ್ಲೇ ಕೂತು ಶಿವಶಿವಾ ಅಂದೆ. ದೊಡ್ಡಪ್ಪನೂ ಶಿವಶಿವಾ ಅನ್ನುತ್ತಿದ್ದರು. ಆದರೆ ಕಾರಣ ಬೇರೆ.

"ಇಷ್ಟು ವಯಸ್ಸಾಯ್ತು, ನಂಗ್ಯಾರೂ ಬಾಯ್ ಮುಚ್ಚು ಅಂದಿಲ್ಲ ಕಣಮ್ಮ."

"ಭಾವ, ಗ್ಯಾಸು..."

"ಗ್ಯಾಸ್ ಬುಡು. ನಿಧಾನವಾಗಿ ಹೇಳಕ್ಕೆ ಏನಾಗಿತ್ತು ಅವ್ಳಿಗೆ?"

"ಕೈಯೆತ್ತಿದ್ಲಲ್ಲ ಭಾವ."

"ಎತ್ಲಿ. ನನ್ನ ಮಾತು ಮುಗಿದಿರ್ಲಿಲ್ವಲ್ಲ!"

ಇಷ್ಟರಲ್ಲಿ ಇಂಟರ್‌ವ್ಯೂ ಹೊತ್ತಾಯಿತು. ಎದುರು ಮನೆಯವರ ಜಗುಲಿಯೇ ಗತಿ. ಹೊರಗೆ ಬರುವಾಗ ಎತ್ತಿಕೊಂಡು ಬಂದಿದ್ದ, ವಿಭೂತಿ ಧರಿಸಿದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಸಿಂಚನಾ ಕೂತಳು. ಕಲ್ಲು ಕೊಯ್ಯುವ ಮೆಷಿನ್ ಕಿರುಚುತ್ತಿತ್ತು. ತೆರೆಯ ಮೇಲೆ ಅದೇ ಮೇಡಂ. ತುಂಬಾ ಸದ್ದಿದೆ, ಇನ್ನೊಂದು ದಿನ ಇಟ್ಟುಕೊಳ್ಳೋಣವೇ ಎಂದರು.

ನಾನು "ಯೆಸ್ ಮ್ಯಾಮ್"ಗೆ ಕಾದು ನಿಂತೆ.

"ನೋ ಮ್ಯಾಮ್," ಅಂದಳು ಹುಡುಗಿ. "ನನಗೆ ಚೆನ್ನಾಗಿ ಕೇಳಿಸ್ತಿದೆ. ಇವತ್ತೇ ಮಾಡೋಣ."

ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ಎದುರು ಮಾತಾಡ್ತಾವ್ಳೆ. ಹೋಯ್ತು ಬುಡು ಸೀಟು."

ಹೋಗಲಿಲ್ಲ. ಮೊನ್ನೆ ಸೀಟು ಸಿಕ್ಕಿದ ಸುದ್ದಿ ಬಂತು. ಅಕ್ಕ ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ನಂಜುಂಡಪ್ಪನವರು ಎಲೆಯ ಮುಂದೆ ಕೂತರು, ಅನ್ನ ಮುಟ್ಟಲಿಲ್ಲ. "ಸಂತೋಷ. ಆದ್ರೆ ಅವತ್ತಿನ ಮಾತಿಗೆ ಒಂದು ಸಾರಿ ಅಂತಾದ್ರೂ..."

ಅಕ್ಕ ಮಗಳಿಗೆ ಕಣ್ಸನ್ನೆ ಮಾಡಿದಳು. ಸಿಂಚನಾ ಬಗ್ಗಿ ದೊಡ್ಡಪ್ಪನ ಕಾಲು ಮುಟ್ಟಿದಳು. "ಕೂಗಿದ್ದಕ್ಕೆ ಸಾರಿ ದೊಡ್ಡಪ್ಪ. ಹೇಳಿದ್ದಕ್ಕಲ್ಲ."

ದೊಡ್ಡಪ್ಪ ಬಾಯಿ ತೆರೆದರು. ಸಾರಿ ಕೇಳುವುದು ಹೇಗೆಂಬ ಪಾಠ ಪಾಯಸ ಆರುವ ತನಕ ನಡೆಯಿತು. ನಾವೆಲ್ಲ ತಲೆ ತಗ್ಗಿಸಿಕೊಂಡು ಕೇಳಿದೆವು. ಒಬ್ಬರಾದರೂ ಮಧ್ಯೆ ಬಾಯಿ ಹಾಕಬೇಕಲ್ಲ!

ಅವಳಿಗೇನೋ ಒಂದು ವರ್ಷದ ಪಾಥ್‌ವೇ ಸಾಕು. ನಮಗೆ ಎಷ್ಟು ವರ್ಷದ್ದು ಬೇಕಾದೀತು?