ನಕ್ಷೆಯಲ್ಲಿಲ್ಲದ ರಸ್ತೆ

ಭದ್ರಾವತಿಯ ನ್ಯೂ ಟೌನಿನಲ್ಲಿ ನಮಗೆ ಗೊತ್ತಿದ್ದ ಟ್ಯಾಕ್ಸಿ ಡ್ರೈವರ್ ಒಬ್ಬರಿದ್ದರು. ಬಾಡಿಗೆ ಇಲ್ಲದಾಗ ಕಾರಿನ ಜಿಪಿಎಸ್ ಅಪ್‌ಡೇಟ್ ಮಾಡುತ್ತ ಕೂರುತ್ತಿದ್ದರು. ಅದು ತೊಂಬತ್ತೊಂಬತ್ತು ಪರ್ಸೆಂಟಿಗೆ ಬಂದು ನಿಂತುಬಿಡುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು, “ಇನ್ನೊಂದ್ಸಲ ನೋಡೋಣ ಮಾರಾಯ್ರೆ” ಎನ್ನುತ್ತಿದ್ದರು.

ಅಮ್ಮನನ್ನು ಹೃದಯದ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಕರೆದೊಯ್ದದ್ದು ಅವರ ಕಾರಿನಲ್ಲೇ. ಹೆದರಿದ್ದ ಅಮ್ಮ ಎರಡು ದಿನದಿಂದ ಮಾತೇ ಆಡಿರಲಿಲ್ಲ. ಹೊಸ ರಸ್ತೆಗೆ ತಿರುಗಿದ ಕೂಡಲೇ, ಆ ರಸ್ತೆಯೇ ಇಲ್ಲದ ಹಳೆಯ ನಕ್ಷೆಯಲ್ಲಿ ನಮ್ಮ ಕಾರು ಬರೀ ಹಸಿರಿನ ಮೇಲೆ ಮೆಲ್ಲಗೆ ಸಾಗತೊಡಗಿತು. ಡ್ರೈವರ್ ನಾಚಿಕೊಂಡು ಪರದೆಯನ್ನು ಅಂಗೈಯಿಂದ ಮುಚ್ಚಿದರು.

“ಕೈ ತೆಗಿಯಪ್ಪಾ,” ಎಂದಳು ಅಮ್ಮ. “ಈಗ ಎಲ್ಲಿದ್ದೀವಿ?”

“ಗದ್ದೆ ಮೇಲಿದ್ದೀವಿ ಅಮ್ಮಾ. ಇದರ ಲೆಕ್ಕದಲ್ಲಿ ರಸ್ತೇನೇ ಇಲ್ಲ.”

ಅಮ್ಮ ನಕ್ಕುಬಿಟ್ಟಳು. ಡ್ರೈವರ್ ವೇಗ ತಗ್ಗಿಸಿದರು. ಶಿವಮೊಗ್ಗದ ಆಲ್ಕೊಳ ಸರ್ಕಲ್ ಬರುವವರೆಗೂ ನಾವು ಮೂವರೂ ಗದ್ದೆಗಳ ಮೇಲೆ ತೇಲುತ್ತ ಹೋದೆವು.