ಹಸಿರು ಬಟ್ಟೆಯ ಮೇಲಿಟ್ಟ ಬೂದುಬಣ್ಣ

ಶಿಕಾರಿಪುರದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ, ಲೈನಿಂಗ್, ಫಾಲ್ಸ್, ಇಷ್ಟೇ ವ್ಯಾಪಾರ. ಗೋಡೆಯ ಮೇಲೆ ದೊಡ್ಡದೊಂದು ಬಣ್ಣದ ಚಕ್ರ. ಶಿವಮೊಗ್ಗದಲ್ಲಿ ಒಂದು ವರ್ಷ ಡಿಸೈನಿಂಗ್ ಕಲಿತಾಗ ನಾನೇ ಬರೆದದ್ದು. ಕೆಂಪು, ಹಳದಿ, ನೀಲಿ ಮೂರು ಮೂಲ. ಉಳಿದವು ಅವುಗಳ ಮಕ್ಕಳು. ಚಕ್ರದಲ್ಲಿ ಎದುರುಬದುರು ಕುಳಿತವು ಒಂದನ್ನೊಂದು ಎತ್ತಿ ತೋರಿಸುತ್ತವೆ. ಬಂದವರಿಗೆಲ್ಲ ಸ್ಕೇಲು ಹಿಡಿದು ಈ ಪಾಠ ಮಾಡುತ್ತಿದ್ದೆ. ಕೇಳದವರಿಗೂ ಮಾಡುತ್ತಿದ್ದೆ. ಅಧಿಕಪ್ರಸಂಗ ನನ್ನ ಹುಟ್ಟುಗುಣ, ಕೋಪವಂತೂ ಮೂಗಿನ ತುದಿಯಲ್ಲೇ.

ಹೊಂದುವ ಬಣ್ಣ ಸಿಗದಿದ್ದರೆ ಬಿಳಿ ಬಟ್ಟೆಗೆ ಬಣ್ಣ ಹಾಕಿಸಬೇಕು. ಆ ಕೆಲಸಕ್ಕೆ ಸೊರಬದಲ್ಲಿ ವಯಸ್ಸಾದ ಸಾಬರೊಬ್ಬರಿದ್ದರು. ಸೀರೆಯ ಒಳಮಡಿಕೆಯಿಂದ ಬೆರಳಗಲದ ಚೂರು ಕತ್ತರಿಸಿ, ಬಿಳಿ ಬಟ್ಟೆಯ ಜೊತೆ ಕಟ್ಟಿ, ಸೊರಬದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ. ಎರಡು ದಿನಕ್ಕೆ ಗಂಟು ವಾಪಸ್ ಬರುತ್ತಿತ್ತು. ತೂಕವಿಲ್ಲ, ಅಳತೆಯಿಲ್ಲ, ಅವರದು ಚಿಟಿಕೆ ಲೆಕ್ಕ. ಬಟ್ಟೆ ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ನೆರಳಿನಲ್ಲಿ ನಿಂತು ಆ ಚೂರನ್ನು ಅದರ ಮೇಲಿಡುವರು. ಚೂರು ಎಲ್ಲಿದೆ ಎಂದು ಕಣ್ಣಿಗೆ ಕಾಣದೇ ಹೋದರೆ ಮಾತ್ರ ಒಪ್ಪುವರು.

"ಹಸಿರು ಸೊಕ್ಕಿದ್ರೆ ಒಂದ್ ಚಿಟಿಕೆ ಕೆಂಪು ಹಾಕ್ಬೇಕಮ್ಮ, ತಣ್ಣಗಾಗ್ತದೆ" ಎಂದು ಒಮ್ಮೆ ಅಂಗಡಿಗೆ ಬಂದಾಗ ಹೇಳಿದ್ದರು. ನಾನು ಚಕ್ರದಲ್ಲಿ ಹಸಿರಿನ ಎದುರಿಗಿರುವ ಕೆಂಪನ್ನು ತೋರಿಸಿ ಅದನ್ನೇ ಅವರಿಗೆ ವಿವರಿಸಿದೆ. ಪಾಪ, ಹೊಸದಾಗಿ ಕೇಳಿದವರ ಹಾಗೆ ತಲೆಯಾಡಿಸಿದರು.

ಅದೊಂದು ನಿಶ್ಚಿತಾರ್ಥದ ಆರ್ಡರ್. ಹುಡುಗಿಯ ಸೀರೆ ಪಾರಿವಾಳದ ಬೂದುಬಣ್ಣದ್ದು. ಮನೆಯ ಹೆಂಗಸರಿಗೆಲ್ಲ ಅದೇ ಬಣ್ಣದ ಒಂಬತ್ತು ಬ್ಲೌಸ್ ಪೀಸ್ ಬೇಕಿತ್ತು. ದೊಡ್ಡ ಆರ್ಡರ್ ಎಂದು ಸಾಬರು ಗಂಟನ್ನು ತಾವೇ ತಂದರು. ಹುಡುಗಿಯ ತಾಯಿ ಆಗಲೇ ಬಂದು ಕೂತಿದ್ದರು. ಸೀರೆಯನ್ನು ಬಿಳಿ ಬೊಂಬೆಗೆ ಉಡಿಸಿದ್ದೆ. ಸಾಬರು ತುಂಡುಗಳನ್ನು ಕೌಂಟರಿನ ಮೇಲೆ ಹರಡಿದರು. ಕೌಂಟರಿಗೆ ನಾನು ಹೊಸದಾಗಿ ಗಿಳಿಹಸಿರು ಬಟ್ಟೆ ಹೊದಿಸಿದ್ದೆ.

ಆಕೆ ಬೊಂಬೆ ನೋಡಿದರು, ತುಂಡು ನೋಡಿದರು, ಮುಖ ಸಿಂಡರಿಸಿದರು. "ಇದು ಕೆಂಪ್ ಹೊಡಿತೈತಲ್ರೀ. ಬೀಗರ ಮುಂದ ನಗೆಪಾಟಲಾಗ್ತೀವಿ."

ನಾನೂ ನೋಡಿದೆ. ತುಂಡುಗಳಲ್ಲಿ ಗುಲಾಬಿ ಛಾಯೆ ಎದ್ದು ಕಾಣುತ್ತಿತ್ತು.

"ಹೊರಗೆ ತಂದು ಸೀರೆ ಮೇಲಿಟ್ಟು ನೋಡಿಯಮ್ಮ" ಎಂದರು ಸಾಬರು.

ಗಿರಾಕಿಯ ಎದುರಿಗೆ ಇವರು ನನಗೆ ಹೇಳಿಕೊಡುವುದೇ ಎಂದು ರೇಗಿತು. ತುಂಡನ್ನು ಕೈಯಲ್ಲಿ ಎತ್ತಿಯೂ ನೋಡಲಿಲ್ಲ. "ಸಾಬ್ರೇ, ನಿಮ್ ಕಣ್ಣು ಮಂಜಾಗಿದೆ. ಬೂದು ಯಾವ್ದು ಗುಲಾಬಿ ಯಾವ್ದು ಗೊತ್ತಾಗ್ದೋರು ಬಣ್ಣದ ಕೆಲ್ಸಕ್ಕೆ ಯಾಕ್ ಕೈ ಹಾಕ್ತೀರಿ?" ಎಂದೆ. ಅಷ್ಟಕ್ಕೂ ಸುಮ್ಮನಾಗದೆ ಸ್ಕೇಲು ತೆಗೆದುಕೊಂಡು ಚಕ್ರದಲ್ಲಿ ಕೆಂಪೆಲ್ಲಿದೆ ಎಂದು ತೋರಿಸಿದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಸಾಬರು ತುಂಡುಗಳನ್ನು ಬಹಳ ಹೊತ್ತು ನೋಡಿದರು. "ಇರ್ಬೋದಮ್ಮ, ವಯಸ್ಸಾಯ್ತಲ್ಲ" ಎಂದು ಮಡಚಿ ಕಟ್ಟಿಕೊಂಡು ಹೋದರು. ಹುಡುಗಿಯ ತಾಯಿಗೆ ನನ್ನ ರ್‍ಯಾಕಿನಲ್ಲಿದ್ದ ಬೇರೆ ಬಟ್ಟೆ ಕೊಟ್ಟು ಕಳಿಸಿದೆ.

ವಾರದ ಮೇಲೆ ಗುಡಿಸುವಾಗ ಕೌಂಟರಿನ ಹಿಂದೆ ಬಿದ್ದಿದ್ದ ಸಾಬರ ಒಂದು ತುಂಡು ಸಿಕ್ಕಿತು. ಆ ಸೀರೆಯ ಇನ್ನೊಂದು ಚೂರನ್ನು ಆರ್ಡರ್ ಪುಸ್ತಕದ ಬಿಳಿ ಹಾಳೆಗೆ ಪಿನ್ ಮಾಡಿಟ್ಟಿದ್ದೆ. ಎರಡನ್ನೂ ಜೋಡಿಸಿದೆ. ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ತುಂಡನ್ನು ಹಸಿರು ಬಟ್ಟೆಯ ಮೇಲಿಟ್ಟೆ, ಗುಲಾಬಿ ಹೊಡೆಯಿತು. ಹಾಳೆಯ ಮೇಲಿಟ್ಟೆ, ಬೂದುಬಣ್ಣ. ಚಕ್ರದ ಕೆಳಗೆ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಬಣ್ಣವನ್ನು ಪಕ್ಕದ ಬಣ್ಣ ಬದಲಿಸುತ್ತದೆ, ಹಸಿರಿನ ನಡುವೆ ಬೂದು ಕೆಂಪಾಗಿ ಕಾಣುತ್ತದೆ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಹಸಿರು ಬಟ್ಟೆಯನ್ನು ಅವತ್ತೇ ಕಿತ್ತೆ. ಸಾಬರಿಗೆ ಮಾತ್ರ ಫೋನ್ ಮಾಡಲಿಲ್ಲ.

ಅವರೂ ಮರೆತಿರುತ್ತಾರೆ ಎಂದುಕೊಂಡೆ. ಏನೂ ಆಗದವಳ ಹಾಗೆ ಮುಂದಿನ ಗಂಟನ್ನು ಬಸ್ಸಿಗೆ ಹಾಕಿದೆ. ಕಟ್ಟಿದ್ದ ಗಂಟು ಕಟ್ಟಿದಂತೆಯೇ, ಬಿಳಿ ಬಟ್ಟೆ ಬಿಳಿಯಾಗಿಯೇ ಹಿಂದಕ್ಕೆ ಬಂತು. "ಅವ್ರು ಬಣ್ಣ ಹಾಕೋದು ಬಿಟ್ರಂತ್ರೀ ಮೇಡಂ" ಎಂದ ಕಂಡಕ್ಟರ್. ಅದನ್ನು ಕೇಳಿದ ಮೇಲೂ ಮೂರು ತಿಂಗಳು ನಾನು ಅವರ ಮನೆಗೆ ಹೋಗಲಿಲ್ಲ. ದಿನಾ ನಾಳೆ ಎನ್ನುತ್ತಿದ್ದೆ. ಅವರೆದುರು ನಿಲ್ಲುವ ಮುಖ ಇರಲಿಲ್ಲ.

ಕೊನೆಗೊಂದು ಭಾನುವಾರ ಹೋದೆ. ಸೊರಬದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಬಣ್ಣ ಕುದಿಸುವ ಹಂಡೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ಸಾಬರು ಕುರ್ಚಿ ಹಾಕಿ ಕೂರಿಸಿದರು, ಅವರ ಹೆಂಡತಿ ಚಹಾ ತಂದಿಟ್ಟರು. ನಾನು ತುಂಡನ್ನೂ ಚೂರನ್ನೂ ಅವರ ಕೈಗೆ ಕೊಟ್ಟು, "ತಪ್ಪು ನಂದು ಸಾಬ್ರೇ. ನಿಮ್ ಬಣ್ಣ ಸರಿಯಾಗೇ ಇತ್ತು. ನನ್ ಕೌಂಟರ್ ಬಟ್ಟೆ ಹಸಿರಿತ್ತು, ಅದಕ್ಕೆ ಹಂಗೆ ಕಾಣ್ತು" ಎಂದೆ. ಬೈಯಲಿ ಎಂದು ಕಾದೆ.

"ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸ್ಕೊಂಡ್ ಬಂದೆ ಕಣಮ್ಮ" ಎಂದರು. "ಏನೂ ಆಗಿಲ್ಲ ಅಂದ್ರು ಡಾಕ್ಟ್ರು."

"ಮತ್ತೆ ಯಾಕ್ ಬಿಟ್ರಿ?"

"ಚಿಟಿಕೆ ಬಣ್ಣ ಹಿಡ್ಕೊಂಡು ಹಂಡೆ ಮುಂದೆ ನಿಂತ್ರೆ, ಸಾಕಾ ಬೇಕಾ, ಸಾಕಾ ಬೇಕಾ ಅನ್ನಿಸ್ತದೆ. ಕೈ ಮುಂದಕ್ಕೇ ಹೋಗಲ್ಲ. ಮೊದ್ಲು ಹಿಂಗಿರ್ಲಿಲ್ಲ."

ಚೂರನ್ನು ತುಂಡಿನ ಮೇಲಿಟ್ಟು ನೋಡಿದರು. ತೆಗೆದರು, ಮತ್ತೆ ಇಟ್ಟರು. ಆಮೇಲೆ ಹೆಂಡತಿಯನ್ನು ಕರೆದು, "ಇವೆರಡೂ ಒಂದೇನಾ, ನೋಡು" ಎಂದು ಕೈಗಿತ್ತರು. ಆಕೆ ಬಟ್ಟೆ ನೋಡಿ, ನನ್ನ ಮುಖ ನೋಡಿ, "ಒಂದೇ" ಎಂದರು.

"ಹಂಗಾದ್ರೆ ಸರಿ ಬಿಡಿ" ಎಂದರು ಸಾಬರು. ತಮ್ಮ ಕಣ್ಣನ್ನು ಬಿಟ್ಟು ನನ್ನ ಮಾತನ್ನೂ ಅವತ್ತು ಹೀಗೇ ನಂಬಿಕೊಂಡು ಹೋಗಿದ್ದರು.