ಎದುರುಮನೆ ಅತ್ತೆಯ ಕೆಂಪು ಗಾಲಿ

ಮಾರ್ಕಯನ್‌ಕೋಟ್ಟೈಯಲ್ಲಿ ನಾವೆಲ್ಲ ಗಾಡಿಯ ಗಾಲಿಗೆ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಬಳಿಯುತ್ತಿದ್ದೆವು. ಎದುರುಮನೆಯ ಅತ್ತೆ ಮಾತ್ರ ದಿಂಡಿಗಲ್ಲಿನಿಂದ ತರಿಸಿದ ಅಗಸೆ ಎಣ್ಣೆಯಲ್ಲಿ ಕಲಸುತ್ತಿದ್ದಳು. ಗಾಡಿಯನ್ನು ಎತ್ತಿ ನಿಲ್ಲಿಸಿ, ಕುಂಚವನ್ನು ಅಲುಗದಂತೆ ಹಿಡಿದು, ಕಾಲಿನಿಂದ ಗಾಲಿ ತಿರುಗಿಸುವಳು; ಬಣ್ಣ ತಾನಾಗಿ ಅಂಚನ್ನು ಸುತ್ತಿಕೊಳ್ಳುತ್ತಿತ್ತು. ಆಮೇಲೆ ಕೋಳಿಗಳನ್ನು ಓಡಿಸುತ್ತ ಕಾವಲು ಕೂರುವಳು. ಯಾರು ಅವಸರ ಮಾಡಿದರೂ ಒಂದೇ ಮಾತು: "ಆರ್ಲಿ, ಇರು."

ಮದುವೆ ದಿಬ್ಬಣದ ದಿನವೂ ಬಣ್ಣ ಆರುವ ತನಕ ಗಾಡಿ ಬಿಡಲಿಲ್ಲ.

"ಅಣ್ಣಿ, ನಿಮ್ಮೆಣ್ಣೆ ಆರೋದ್ರೊಳ್ಗೆ ಕಲ್ಯಾಣವೇ ಮುಗ್ದೋಗುತ್ತೆ!" ಎಂದು ಅತ್ತಿಗೆಯನ್ನು ನೋಡಿ ನಕ್ಕು ಅತ್ತೆಯ ಮೈದುನ ತನ್ನ ಗಾಡಿ ಹೊಡೆದುಕೊಂಡು ಹೋದ.

ಹೊಳೆ ದಾಟುವಾಗ ಅವನ ಗಾಲಿಯ ಕೆಂಪೆಲ್ಲ ನೀರುಪಾಲಾಯಿತು. ಕೊನೆಗೆ ಬಂದ ಅತ್ತೆಯ ಗಾಲಿಗಳು ನೀರಿನಿಂದ ಕೆಂಡದಂತೆ ಹೊಳೆಯುತ್ತ ಮೇಲೆದ್ದವು. ಹೆಣ್ಣಿನ ಕಡೆಯವರು ಅವಳ ಗಾಡಿಯನ್ನೇ ಎಲ್ಲಕ್ಕಿಂತ ಮುಂದೆ ಬಿಟ್ಟರು.

"ನಂಗೂ ಬಳ್ದು ಕೊಡಿ ಅಣ್ಣಿ," ಎಂದ ಮೈದುನ.

ಅತ್ತೆ ಅವನ ತೊಟ್ಟಿಕ್ಕುವ ಗಾಲಿ ನೋಡಿದಳು.

"ಮೊದ್ಲು ಆರ್ಲಿ, ಇರು."